ಡಾ. ಕಮಲಾ ಸೊಹೊನಿ: ಸಸ್ಯದ ಉಸಿರನ್ನು ಅರಸಿದ ವಿದುಷಿ

ಜೀವವುಳ್ಳ ಪ್ರತಿಯೊಂದು ಕೋಶಕ್ಕೂ ಶಕ್ತಿ ಬೇಕು. ನಮ್ಮ ಸೋಂಪುರ ಹೋಬಳಿಯ ಹೊಲಗಳ ರಾಗಿ, ಅವರೆಗಳೂ ಇದಕ್ಕೆ ಹೊರತಲ್ಲ. ಸಸ್ಯಗಳು ಆ ಶಕ್ತಿಯನ್ನು ಪಡೆಯುವ ಬಗೆಯನ್ನು ಅರಸಿದ ಡಾ. ಕಮಲಾ ಸೊಹೊನಿಯವರ ವಿದ್ಯಾಜೀವನಕ್ಕೆ ತಿರುವು ದೊರೆತುದು ನೆರೆಯ ಬೆಂಗಳೂರಿನಲ್ಲಿ ಎಂಬುದು ಸ್ಮರಣೀಯವಾದ ಸಂಗತಿ.

1911ರಲ್ಲಿ ಇಂದೋರಿನಲ್ಲಿ ಜನಿಸಿದ ಕಮಲಾ ಭಾಗವತರ ತಂದೆಯೂ ತಂದೆಯ ಸಹೋದರರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವ್ಯಾಸಂಗ ಮಾಡಿದ ರಸಾಯನವಿಜ್ಞಾನಿಗಳು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ಪ್ರವೇಶ ನಿರಾಕರಿಸಿದರು. ಕಮಲಾ ಹಿಂಜರಿಯಲಿಲ್ಲ. ಕೊನೆಗೆ ಮೊದಲ ವರ್ಷ ಪೂರ್ಣ ಮಾನ್ಯತೆ ಇಲ್ಲವೆಂಬ ಕಟ್ಟಳೆಯೊಡನೆ ಪ್ರವೇಶ ದೊರೆಯಿತು. ಆ ಅವಮಾನವನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. ಆದರೆ ಕೆಲಸದಲ್ಲಿ ಲೋಪ ಬರಗೊಡಲಿಲ್ಲ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ, 1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಅವರ ಸಾಧನೆಯನ್ನು ಕಂಡ ಮೇಲೆ ಆ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

ಮುಂದೆ ಕೇಂಬ್ರಿಜಿಗೆ ತೆರಳಿ, ಆಲೂಗಡ್ಡೆಯನ್ನು ಪರೀಕ್ಷಿಸುತ್ತ, ಸಸ್ಯಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿದರು. ಕಬ್ಬಿಣದ ಅಂಶವುಳ್ಳ ಈ ಪ್ರೋಟೀನು ಇಲೆಕ್ಟ್ರಾನುಗಳನ್ನು ಕಿಣ್ವದಿಂದ ಕಿಣ್ವಕ್ಕೆ ಸಾಗಿಸುತ್ತದೆ. ಕಡೆಯ ಕಿಣ್ವವು ಅವನ್ನು ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಹೀಗೆ ಆಹಾರದಲ್ಲಿ ಅಡಗಿದ ಶಕ್ತಿಯು ಒಮ್ಮೆಗೇ ಉರಿದುಹೋಗದೆ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಸಸ್ಯ, ಪ್ರಾಣಿಗಳಲ್ಲಿ ಈ ಸರಪಣಿಯು ಮೈಟೊಕಾಂಡ್ರಿಯದ ಒಳಪೊರೆಯಲ್ಲಿದೆ. ಮೈಟೊಕಾಂಡ್ರಿಯವಿಲ್ಲದ ಬ್ಯಾಕ್ಟೀರಿಯಗಳಲ್ಲಿ ಅಂಥದೇ ಸರಪಣಿಗೆ ಕೋಶದ ಪೊರೆಯೇ ಆಶ್ರಯ. ಅಣುಜೀವಿಯಿಂದ ಮಾನವನವರೆಗೆ ಉಸಿರಿನ ಸೂತ್ರ ಬಹುಮಟ್ಟಿಗೆ ಒಂದೇ ಎಂಬ ತಿಳಿವಿಗೆ ಇಂಥ ಶೋಧಗಳೇ ಆಧಾರವಾದುವು.

1939ರಲ್ಲಿ ಸುಮಾರು ನಲವತ್ತು ಪುಟಗಳ ಪುಟ್ಟ ಪ್ರಬಂಧಕ್ಕೆ ಪಿಎಚ್.ಡಿ. ಪದವಿ ಲಭಿಸಿತು. ವಿಜ್ಞಾನದಲ್ಲಿ ಆ ಪದವಿಗೆ ಪಾತ್ರರಾದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ವಿದೇಶದಲ್ಲಿ ನೆಲಸದೆ ಸ್ವದೇಶಕ್ಕೆ ಮರಳಿ, ದೆಹಲಿ, ಕೂನೂರುಗಳಲ್ಲಿ ಸೇವೆ ಸಲ್ಲಿಸಿ, ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಬಡವರ ಆಹಾರವಾದ ಬೇಳೆಕಾಳು, ನೀರಾ ಇವುಗಳ ಪೋಷಕಾಂಶಗಳೇ ಅವರ ಸಂಶೋಧನೆಯ ವಸ್ತುವಾದುವು. 1998ರಲ್ಲಿ ಅವರು ನಿಧನರಾದರು.

ದಾನಿಗಳ ಔದಾರ್ಯದಿಂದ ಶಾಲೆಯ ಕಟ್ಟಡ ಏಳುತ್ತದೆ. ಅದರ ಬಾಗಿಲು ಯಾರಿಗೆ ತೆರೆದಿದೆ ಎಂಬುದರಿಂದ ಅದರ ಘನತೆ ನಿರ್ಧಾರವಾಗುತ್ತದೆ. ಆ ಬಾಗಿಲಲ್ಲಿ ನಿಂತ ಬಾಲೆಯ ಅರ್ಹತೆಯನ್ನು ಗುರುತಿಸುವ ಹೊಣೆ ಅಧ್ಯಾಪಕರದು.