ಶಾಹೀರ ಅಣ್ಣಾಭಾವು ಸಾಠೆ

ಆಗಸ್ಟ್ 1 ಬಂತಂದ್ರ ಸೊಲ್ಲಾಪುರದಾಗ ಮೆರವಣಿಗೆ, ಡಿಜೆ. ನೀವೂ ಕುಣಿದೀರಿ, ನಾನೂ ಕುಣಿದೀನಿ. ಆದ್ರ ಆ ಫೋಟೋದಾಗಿನ ಮನುಷ್ಯ ಹ್ಯಾಂಗ ಬಾಳಿದರು ಅಂತ ಯಾರಾದ್ರೂ ಕೇಳಿದ್ರ ಏನ್ ಹೇಳ್ತೀರಿ?

ಅವರು ಹುಟ್ಟಿದ್ದು 1920ರಲ್ಲಿ, ಸಾಂಗ್ಲಿ ಜಿಲ್ಲೆಯ ವಾಟೇಗಾವದ ಮಾತಂಗ ಮನೆತನದಲ್ಲಿ. ಇಟ್ಟ ಹೆಸರು ತುಕಾರಾಮ. ಜಾತಿಯ ಕಾಟಕ್ಕೆ ಸಾಲಿ ಒಂದೆರಡು ದಿನಕ್ಕೇ ಮುಗೀತು. ಸಣ್ಣ ಹುಡುಗ ಇದ್ದಾಗಲೇ ಅಪ್ಪನ ಜೋಡಿ ನಡಕೊಂತ ಮುಂಬೈ ಸೇರಿದರು, ಗಿರಣಿಯಲ್ಲಿ ದುಡಿದರು. ಅಕ್ಷರ ಕಲಿತದ್ದು ತಾವಾಗಿಯೇ.

1944ರಲ್ಲಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಜೊತೆಗಿದ್ದವರು ಗವಾಣಕರ್ ಮತ್ತು ಅಮರ ಶೇಖ್. ಅಮರ ಶೇಖ್ ನಮ್ಮ ಜಿಲ್ಲೆಯವರೇ, ಬಾರ್ಶಿಯವರು! ಸರಕಾರ ತಮಾಷಾ ಬಂದ್ ಮಾಡಿದಾಗ ಅಣ್ಣಾಭಾವು ಅದಕ್ಕೆ ಲೋಕನಾಟ್ಯ ಅಂತ ಹೆಸರಿಟ್ಟು ಆಡಿಸಿದರು.

ಹಿಂದೆ ಪೋಲೆಂಡ್ ದೇಶವನ್ನು ಮೂರು ರಾಜ್ಯದವರು ಹಂಚಿಕೊಂಡು ನಕಾಶೆಯಿಂದಲೇ ಅಳಿಸಿದ್ದರು. ಆಗ ಅಲ್ಲಿಯ ಮಂದಿ ಮಿತ್ಸ್ಕೆವಿಚ್ ಎಂಬ ಕವಿಯನ್ನೇ ನಾಡಿನ ಪ್ರವಾದಿ ಅಂದುಕೊಂಡರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅಣ್ಣಾಭಾವು ನಿಂತದ್ದು ಅಂಥದೇ ಜಾಗದಲ್ಲಿ. ಅವರ ಮಾಝಿ ಮೈನಾ ಹಾಡಿನಲ್ಲಿ ಊರಲ್ಲೇ ಉಳಿದ ಹೆಂಡತಿ ಕಡೆಕಡೆಗೆ ನಾಡೇ ಆಗ್ತಾಳ. ಬೆಳಗಾವಿ, ಕಾರವಾರ ಕೈತಪ್ಪಿದ ಸಂಕಟ ಅದರಾಗದ.

ಇಲ್ಲಿ ನಮಗೊಂದು ಮುಳ್ಳು ಚುಚ್ಚತದ. ಅಕ್ಕಲಕೋಟೆಯ ಓಣಿಗಳಲ್ಲಿ ಕನ್ನಡ ಆಡುವ ನಾವು 1956ರ ಗಡಿಯ ಈಚೆಗೆ ಉಳಿದವರು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ಆಚೆಗೆ ಹೋಗಬೇಕು ಅಂತು, ಹೋಗಲಿಲ್ಲ. ಅವರ ಮೈನಾ ಆ ಕಡೆ ಇದ್ರ, ನಮ್ಮ ಮೈನಾನೂ ಆ ಕಡೆನೇ. ಈ ಲೆಕ್ಕ ಅವರ ಹಾಡಿನಾಗ ಇಲ್ಲ. ಅದನ್ನ ಮುಚ್ಚಿಡೋದು ನನಗೆ ಸರಿ ಕಾಣೋದಿಲ್ಲ.

ಆದ್ರ ಅವರು ಅಲ್ಲಿಗೇ ನಿಲ್ಲಲಿಲ್ಲ ನೋಡ್ರಿ. 1958ರಲ್ಲಿ ಮುಂಬೈಯ ಮೊದಲ ದಲಿತ ಸಾಹಿತ್ಯ ಸಮ್ಮೇಳನ ಉದ್ಘಾಟಿಸಿ, ಈ ಭೂಮಿ ನಿಂತಿರೋದು ಆದಿಶೇಷನ ತಲೆ ಮೇಲಲ್ಲ, ದಲಿತರ, ದುಡಿಯುವವರ ಅಂಗೈ ಮೇಲೆ ಅಂತ ಹೇಳಿದರು. ಆ ಭೂಮಿಗೆ ಗಡಿ ಇಲ್ಲ. ಮರುವರ್ಷ ಬಂದ ಫಕೀರಾ ಕಾದಂಬರಿಯನ್ನ ಬಾಬಾಸಾಹೇಬರಿಗೆ ಅರ್ಪಿಸಿದರು. ಬರಗಾಲದಾಗ ಹಸಿದ ಮಂದಿಗಾಗಿ ಇಂಗ್ಲಿಷರ ಖಜಾನೆ ಲೂಟಿ ಮಾಡಿದ ಮಾತಂಗ ವೀರನ ಕಥೆ ಅದು. 1961ರಲ್ಲಿ ರಷ್ಯಾಕ್ಕೂ ಹೋಗಿ ಬಂದರು.

ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದವರು ಬಹುಕಾಲ ಬಾಳಿದ್ದು ಘಾಟ್‌ಕೋಪರದ ಚಿರಾಗನಗರ ಝೋಪಡಪಟ್ಟಿಯಲ್ಲಿ. 1969ರ ಜುಲೈ 18ರಂದು ತೀರಿಕೊಂಡರು, ವಯಸ್ಸು ಬರೇ 48. ಮುಂದಿನ ತಿಂಗಳೇ ಅಮರ ಶೇಖ್ ಇಂದಾಪುರದ ಹತ್ತಿರ ಅಪಘಾತದಲ್ಲಿ ಹೋದರು.

ಈ ಸಲ ಡಿಜೆ ಹಚ್ಚೋ ಮೊದಲು, ಮರಾಠಿ ಸಾಲಿ ಕಲಿತ ನೀವು ಫಕೀರಾದ ನಾಲ್ಕು ಪುಟ ಓದಿ, ಕಟ್ಟೆ ಮೇಲೆ ಕುಂತ ಆಯಿಗೆ ಕನ್ನಡದಾಗ ಹೇಳ್ರಿ.