ದೇಹಶಿಕ್ಷಣದ ಸಾಧಕ ಜಾರ್ಜ್ ಎಬೇರ್

ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪವು ಫ್ರೆಂಚರ ಆಡಳಿತಕ್ಕೆ ಒಳಪಟ್ಟಿದ್ದಿತು. ಅಲ್ಲಿ ಸ್ಯಾಂ ಪಿಯೇರ್ ಎಂಬ ಸಮೃದ್ಧವಾದ ರೇವುಪಟ್ಟಣ. ಅದರ ಬೆನ್ನಿಗೆ ಪೆಲೇ ಎಂಬ ಅಗ್ನಿಪರ್ವತ. 1902ನೆಯ ಇಸವಿ ಮೇ 8ರಂದು ಬೆಳಗಿನ ಎಂಟು ಗಂಟೆಯ ವೇಳೆಗೆ ಆ ಪರ್ವತವು ಸಿಡಿಯಿತು. ಕಾದ ಬೂದಿ, ವಿಷಾನಿಲಗಳ ಮಹಾಮೇಘವೊಂದು ಇಳಿಜಾರಿನಲ್ಲಿ ಉರುಳಿಬಂದು, ಕೆಲವೇ ನಿಮಿಷಗಳಲ್ಲಿ ಪಟ್ಟಣವನ್ನು ಭಸ್ಮಮಾಡಿತು. ಸುಮಾರು 28,000 ಜನ ಅಸುನೀಗಿದರು.

ಆ ಮಧ್ಯಾಹ್ನ ಉರಿಯುತ್ತಿದ್ದ ರೇವಿನತ್ತ ಸಾಗಿಬಂದ ಫ್ರೆಂಚ್ ಯುದ್ಧನೌಕೆ ಸ್ಯೂಶೆ. ಅದರ ಕಿರಿಯ ಅಧಿಕಾರಿಗಳಲ್ಲಿ ಒಬ್ಬ, ಆಗತಾನೆ ಇಪ್ಪತ್ತೇಳು ತುಂಬಿದ್ದ ಜಾರ್ಜ್ ಎಬೇರ್. ಪಟ್ಟಣದಲ್ಲಿ ಉಳಿಸಿಕೊಳ್ಳಲು ಬಹುಮಟ್ಟಿಗೆ ಯಾರೂ ಇರಲಿಲ್ಲ. ಆದರೆ ಸುತ್ತಲಿನ ಊರುಗಳಲ್ಲಿ ಬೂದಿಮಳೆಗೆ ಸಿಲುಕಿದ ಜನ ದಿಕ್ಕುಗಾಣದೆ ದಡದಲ್ಲಿ ನಿಂತಿದ್ದರು. ಅವರಲ್ಲಿ ಸುಮಾರು 700 ಮಂದಿಯನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವ ಕಾರ್ಯದಲ್ಲಿ ಎಬೇರ್ ಮುಂದಾಗಿ ನಿಂತನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಗಾಬರಿಗೊಂಡ ಜನಸಮೂಹವನ್ನು ಆಗ ಅವನು ಹತ್ತಿರದಿಂದ ಕಂಡನು. ಕಟ್ಟುಮಸ್ತಾದ ದೇಹವಿದ್ದೂ ಧೈರ್ಯವಿಲ್ಲದವನು ನಿಂತಲ್ಲೇ ಕಲ್ಲಾಗುತ್ತಾನೆ. ಧೈರ್ಯವಿದ್ದೂ ಈಜಲು, ಹತ್ತಲು, ಹೊರಲು ಬಾರದವನು ತಾನೇ ಇತರರಿಗೆ ಹೊರೆಯಾಗುತ್ತಾನೆ. ಎರಡೂ ಇದ್ದು ಪರರ ಚಿಂತೆಯಿಲ್ಲದವನು ತನ್ನೊಬ್ಬನ ಪ್ರಾಣವನ್ನಷ್ಟೇ ಉಳಿಸಿಕೊಳ್ಳುತ್ತಾನೆ. ಈ ಮೂರನ್ನೂ ಒಟ್ಟಿಗೆ ಬೆಳೆಸುವ ಶಿಕ್ಷಣವೊಂದು ಇರಬೇಕೆಂಬ ನಂಬಿಕೆ ಅವನಲ್ಲಿ ಬೇರೂರಿತು.

ಎಬೇರ್ ಹುಟ್ಟಿದ್ದು ಪ್ಯಾರಿಸಿನಲ್ಲಿ, 1875ನೆಯ ಇಸವಿ ಏಪ್ರಿಲ್ 27ರಂದು. ನೌಕಾಪಡೆಯನ್ನು ಸೇರಿ ಅನೇಕ ದೇಶಗಳನ್ನು ಸುತ್ತಿದನು. ವ್ಯಾಯಾಮಶಾಲೆಯ ಮುಖವನ್ನೇ ಕಾಣದ ದ್ವೀಪವಾಸಿಗಳು ಓಡಿ, ಈಜಿ, ಮರಹತ್ತಿ ಪಡೆದ ಮೈಕಟ್ಟು ಅವನನ್ನು ಬೆರಗುಗೊಳಿಸಿತು. ಆ ಕಾಲದ ಯೂರೋಪಿನ ಶಾಲೆಗಳಲ್ಲಾದರೋ ಮಕ್ಕಳು ಸಾಲಾಗಿ ನಿಂತು, ಅಪ್ಪಣೆಯಂತೆ ಕೈಯೆತ್ತಿ ಇಳಿಸುವುದೇ ದೇಹಶಿಕ್ಷಣವೆನಿಸಿತ್ತು.

ಮುಂದೆ ಎಬೇರ್ ಲೋರಿಯಾಂ ಎಂಬಲ್ಲಿದ್ದ ನೌಕಾಸೈನಿಕರ ಶಾಲೆಯಲ್ಲಿ ದೇಹಶಿಕ್ಷಣದ ಹೊಣೆ ಹೊತ್ತನು. ಅಲ್ಲಿ ರೂಪುಗೊಂಡದ್ದೇ ಅವನ ಸಹಜ ಪದ್ಧತಿ. ನಡೆಯುವುದು, ಓಡುವುದು, ನೆಗೆಯುವುದು, ಕೈಕಾಲೂರಿ ಸಾಗುವುದು, ಹತ್ತುವುದು, ಸಮತೋಲ ಕಾಯುವುದು, ಭಾರ ಎತ್ತುವುದು, ಎಸೆಯುವುದು, ಆತ್ಮರಕ್ಷಣೆ, ಈಜು ಎಂಬ ಹತ್ತು ಬಗೆಯ ಚಲನೆಗಳಲ್ಲಿ ಮನುಷ್ಯನಿಗೆ ಬೇಕಾದುದೆಲ್ಲವೂ ಇದೆಯೆಂದು ಅವನು ಎಣಿಸಿದನು. ಇವುಗಳಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ಮರಕೋತಿ ಆಡುವ ಯಾವ ಹುಡುಗನಿಗೂ ಇವು ಗೊತ್ತು. ಹೊಸತು ಇದ್ದದ್ದು ಕ್ರಮದಲ್ಲಿ.

ಬಯಲೊಂದರಲ್ಲಿ ಗೋಡೆ, ದಿಮ್ಮಿ, ಹಗ್ಗ, ಹಳ್ಳಗಳನ್ನು ಅಣಿಗೊಳಿಸಿ, ಶಿಷ್ಯರನ್ನು ಸಣ್ಣ ಸಣ್ಣ ತಂಡಗಳಾಗಿ ಅಲೆಯ ಹಿಂದೆ ಅಲೆಯಂತೆ ಬಿಡುತ್ತಿದ್ದರು. ಯಾರೂ ಸರದಿಗಾಗಿ ಕಾಯುತ್ತ ನಿಲ್ಲುವಂತಿರಲಿಲ್ಲ. ಕಠಿಣವಾದ ಚಲನೆಯ ಬೆನ್ನಿಗೇ ಸುಲಭವಾದುದೊಂದು ಬಂದು ಉಸಿರಿಗೆ ಬಿಡುವು ದೊರೆಯುತ್ತಿತ್ತು. ಬಲಿಷ್ಠನನ್ನು ತಡೆದು ನಿಲ್ಲಿಸದೆ, ದುರ್ಬಲನನ್ನು ನಾಚಿಸದೆ, ಪ್ರತಿಯೊಬ್ಬನೂ ತನ್ನ ಅಳವಿಗೆ ತಕ್ಕಂತೆ ಶ್ರಮಿಸಬೇಕೆಂಬುದು ನಿಯಮ. ಎತ್ತರದ ತೊಲೆಯ ಮೇಲೆ ಕಾಲಿಡುವವನಿಗೆ ಮೊದಲು ಬರುವುದು ಅಂಜಿಕೆ. ಅದನ್ನು ಅಣಕಿಸದೆ, ಮೆಟ್ಟಿಲು ಮೆಟ್ಟಿಲಾಗಿ ಗೆಲ್ಲಿಸುವುದು ಶಿಕ್ಷಕನ ಕೆಲಸ. ಸಂಕಲ್ಪ, ಧೈರ್ಯ, ಸಮಚಿತ್ತಗಳು ಹೀಗೆ ಸ್ನಾಯುಗಳೊಡನೆಯೇ ಬಲಿಯಬೇಕು. ಅಷ್ಟಾದರೂ ಸಾಲದು, ಗಳಿಸಿದ ಬಲವು ಇನ್ನೊಬ್ಬರ ಉಪಯೋಗಕ್ಕೆ ಬಾರದಿದ್ದರೆ ಎಬೇರನ ಲೆಕ್ಕದಲ್ಲಿ ಅದು ಬಲವೇ ಅಲ್ಲ. ಓಟ, ಜಿಗಿತ, ಈಜುಗಳಲ್ಲಿ ಶಿಷ್ಯರ ಪ್ರಗತಿಯನ್ನು ಅಂಕಿಗಳಲ್ಲಿ ಅಳೆಯುವ ಕ್ರಮವನ್ನೂ ಅವನು ರೂಪಿಸಿ, 1911ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

1913ರಲ್ಲಿ ಪ್ಯಾರಿಸಿನಲ್ಲಿ ನಡೆದ ಅಂತರರಾಷ್ಟ್ರೀಯ ದೇಹಶಿಕ್ಷಣ ಸಮ್ಮೇಳನದಲ್ಲಿ ಅವನ ಶಿಷ್ಯರ ಪ್ರದರ್ಶನವು ಎಲ್ಲರ ಕಣ್ಸೆಳೆಯಿತು. ಅದೇ ವರ್ಷ ರ‍್ಯಾಂಸ್ ನಗರದಲ್ಲಿ ವಿಶಾಲವಾದ ಉದ್ಯಾನದ ನಡುವೆ ಕ್ರೀಡಾಪಟುಗಳ ವಿದ್ಯಾಲಯವೊಂದು ತಲೆಯೆತ್ತಿತು. ಎಬೇರ್ ಅದರ ನಿರ್ದೇಶಕನಾದನು. ಆದರೆ 1914ರಲ್ಲಿ ಮಹಾಯುದ್ಧವು ಸಿಡಿಯಿತು. ಬೆಲ್ಜಿಯಮ್ಮಿನ ಡಿಕ್ಸ್‌ಮ್ಯೂಡ್ ಕಾಳಗದಲ್ಲಿ ಎಬೇರ್ ಗಾಯಗೊಂಡನು. ವಿದ್ಯಾಲಯವು ಶತ್ರುಗಳ ಫಿರಂಗಿಗೆ ಆಹುತಿಯಾಯಿತು.

ಯುದ್ಧಾನಂತರ ಅವನು ಮತ್ತೆ ಮೊದಲಿನಿಂದ ತೊಡಗಿದನು. ಈ ಬಾರಿ ಅವನ ಗಮನವೆಲ್ಲ ಸ್ತ್ರೀಯರ ಹಾಗೂ ಮಕ್ಕಳ ಕಡೆಗೆ. ಬಿಗಿಯುಡುಪು ತೊಟ್ಟು ಮೆಲ್ಲನೆ ನಡೆಯುವುದೇ ಹೆಣ್ಣುಮಕ್ಕಳಿಗೆ ಶೋಭೆಯೆಂದು ಜನ ಭಾವಿಸಿದ್ದ ಕಾಲದಲ್ಲಿ, ಪ್ಯಾಲೆಸ್ಟ್ರಾ ಎಂಬ ತನ್ನ ಸಂಸ್ಥೆಯಲ್ಲಿ ಅವನು ಅವರನ್ನು ಬಯಲಿನಲ್ಲಿ ಓಡಿಸಿದನು, ಹಗ್ಗ ಹತ್ತಿಸಿದನು. ಹುಬ್ಬುಗಂಟಿಕ್ಕಿದವರು ಕಡಿಮೆಯಿರಲಿಲ್ಲ.

ಎಬೇರ್ ಹಟವಾದಿ. ದಾಖಲೆಗಳ ಹಿಂದೆ ಓಡುವ ಸ್ಪರ್ಧಾಕ್ರೀಡೆಯನ್ನು ಅವನು ಸಹಿಸುತ್ತಿರಲಿಲ್ಲ. ಪ್ಯಾರಿಸ್ ಒಲಿಂಪಿಕ್ ಕ್ರೀಡಾಕೂಟ ನಡೆದ ಮರುವರ್ಷ, 1925ರಲ್ಲಿ, ಅದನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದನು. ಈ ಖಂಡನೆ ತುಸು ಅತಿಯಾಯಿತೆಂದೇ ಹೇಳಬೇಕು. ಆಟದ ಮೈದಾನದಲ್ಲಿಯೂ ಸ್ನೇಹ, ತಾಳ್ಮೆಗಳು ಬೆಳೆಯುವುದುಂಟು. 1940ರಲ್ಲಿ ಫ್ರಾನ್ಸ್ ಸೋತ ಬಳಿಕ ಅಧಿಕಾರಕ್ಕೆ ಬಂದ ವಿಷಿ ಸರ್ಕಾರವು ಅವನ ಪದ್ಧತಿಯನ್ನು ಶಾಲೆಗಳಿಗೆ ತಂದು, ತನ್ನ ಉದ್ದೇಶಗಳಿಗೆ ಬಳಸಿಕೊಂಡಿತು. ಇದರಿಂದ ಆ ಪದ್ಧತಿಯ ಹೆಸರಿಗೆ ಕೆಲಕಾಲ ಮಂಕು ಕವಿಯಿತು.

ಎಬೇರ್ ವೃದ್ಧನಾಗುತ್ತಿದ್ದ ಕಾಲಕ್ಕೆ, ದೂರದ ವಿಯೆಟ್ನಾಮಿನ ದಲಾತ್ ಊರಿನ ಸೈನಿಕಶಾಲೆಯಲ್ಲಿ ರೇಮಂಡ್ ಬೆಲ್ ಎಂಬ ಬಾಲಕನಿದ್ದನು. ತಂದೆತಾಯಿಗಳ ಆಸರೆ ತಪ್ಪಿದ ಆತ, ಇತರರು ಮಲಗಿದ ಮೇಲೆ, ಎಬೇರನ ಪದ್ಧತಿಯಿಂದ ಹುಟ್ಟಿದ ಅಡೆತಡೆಗಳ ಓಟಪಥದಲ್ಲಿ ಒಬ್ಬನೇ ಅಭ್ಯಾಸಮಾಡುತ್ತಿದ್ದನು. ಮುಂದೆ ಅವನು ಪ್ಯಾರಿಸಿನ ಅಗ್ನಿಶಾಮಕ ದಳದಲ್ಲಿ ಹೆಸರಾದನು. ಅವನ ಮಗ ಡೇವಿಡ್ ಬೆಲ್ ಮತ್ತು ಸಂಗಡಿಗರು ಲೀಸ್ ಎಂಬ ಊರಿನ ಗೋಡೆ, ಮೆಟ್ಟಿಲುಗಳ ಮೇಲೆ ರೂಢಿಸಿದ ವಿದ್ಯೆಯೇ ಈಗ ಅನೇಕ ದೇಶಗಳ ಮಕ್ಕಳು ಕಲಿಯುವ ಪಾರ್ಕೂರ್. ಆ ಹೆಸರು ಕೂಡ ಓಟಪಥವೆಂಬರ್ಥದ ಫ್ರೆಂಚ್ ಪದದಿಂದಲೇ ಬಂದುದು.

ಇದನ್ನೆಲ್ಲ ಕಾಣಲು ಎಬೇರ್ ಇರಲಿಲ್ಲ. 1955ರಲ್ಲಿ ಫ್ರಾನ್ಸ್ ಸರ್ಕಾರವು ಅವನಿಗೆ ಲೀಜನ್ ಆಫ್ ಆನರ್ ಪ್ರಶಸ್ತಿಯ ಉನ್ನತ ಪದವಿಯೊಂದನ್ನು ನೀಡಿತು. ಕೊನೆಗಾಲದಲ್ಲಿ ಪಾರ್ಶ್ವವಾಯು ಬಡಿದು ಅವನ ಕೈಕಾಲು ಸೋತವು, ಮಾತು ನಿಂತಿತು. ಸಹಸ್ರಾರು ಜನರನ್ನು ಓಡಿಸಿ, ನೆಗೆಸಿದ ಮುದುಕ ಈಗ ಹಸುಗೂಸಿನಂತೆ ಒಂದೊಂದೇ ಹೆಜ್ಜೆಯಿಡುವುದನ್ನು ಕಲಿಯತೊಡಗಿದನು. ನಡೆಯಲು, ಮಾತನಾಡಲು, ಬರೆಯಲು ತನಗೆ ತಾನೇ ಮತ್ತೆ ಕಲಿಸಿಕೊಂಡನು. 1957ನೆಯ ಇಸವಿ ಆಗಸ್ಟ್ 2ರಂದು ನಾರ್ಮಂಡಿಯ ಟೂರ್ಜೆವೀಲ್ ಎಂಬಲ್ಲಿ ಅವನು ತೀರಿಕೊಂಡನು.