ತಾರಾಬಾಯಿ ಮೋಡಕ್: ಅಂಗಳಕ್ಕೆ ನಡೆದುಬಂದ ಶಾಲೆ

ಕಳವಾದ ಚಾಳುಗಳ ನಡುವೆ ಎಳೆಯ ಮಕ್ಕಳು ಕಲೆಯುವ ತಾಣಕ್ಕೂ ತಿರುಮಕೂಡಲು ನರಸೀಪುರದ ಹಳ್ಳಿಗಳಲ್ಲಿರುವ ಅಂಥದೇ ತಾಣಕ್ಕೂ ಹೆಸರು ಒಂದೇ: ಅಂಗನವಾಡಿ. ಮರಾಠಿಯ ಅಂಗಣವಾಡಿ ಹಿಂದಿಯ ಹಾದಿಯಲ್ಲಿ ಬರುವಾಗ ಅದರ ಣಕಾರ ನಕಾರವಾಗಿರಬೇಕು. ನಮ್ಮ ಅಂಗಳದೊಡನೆ ಅದಕ್ಕಿರುವ ನಂಟು ಮಾತ್ರ ಅಳಿದಿಲ್ಲ. ಕನ್ನಡದಲ್ಲಿ ಇಷ್ಟು ಬೇರೂರಿದ ಈ ಪದದ ಮೂಲವನ್ನು ಅರಸಿ ಹೊರಟರೆ ಹಳೆಯ ಠಾಣೆ ಜಿಲ್ಲೆಯ ಕಡಲಂಚಿನ ಬೋರ್ಡಿಗೆ, ತಾರಾಬಾಯಿ ಮೋಡಕ್ ಅವರ ಬಾಳಿಗೆ ಬಂದು ನಿಲ್ಲುತ್ತೇವೆ.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವ ಪಾಂಡುರಂಗ ಕೇಳಕರ್ ಅವರು ಪ್ರಾರ್ಥನಾ ಸಮಾಜದ ಸುಧಾರಕರು. 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಅಮರಾವತಿಯ ವಕೀಲರೊಬ್ಬರನ್ನು ವಿವಾಹವಾದರು. ಆ ದಾಂಪತ್ಯ 1921ರಲ್ಲಿ ಮುರಿಯಿತು. ಅಂದಿನ ಸಮಾಜದಲ್ಲಿ ಅದು ಸಣ್ಣ ಸಂಗತಿಯಲ್ಲ. ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿ ಕೆಲಕಾಲ ದುಡಿದು, ಆ ಹುದ್ದೆಯನ್ನು ಬಿಟ್ಟು 1923ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕಾ ಅವರನ್ನು ಸೇರಿಕೊಂಡರು. ಹೊಡೆತ, ಹೆದರಿಕೆ, ಬಹುಮಾನದ ಆಸೆ ಇವು ಮೂರೂ ಇಲ್ಲದೆ ಮಗು ಕಲಿಯಬಲ್ಲದೆಂಬ ಮಾಂಟೆಸೊರಿಯ ತತ್ತ್ವ ಅವರಿಗೆ ಅಲ್ಲಿ ಅನುಭವವೇ ಆಯಿತು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಸ್ಥಾಪಿತವಾಯಿತು. ಅನಂತರ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರವನ್ನು ಕಟ್ಟಿದರು.

ಇಷ್ಟಕ್ಕೇ ನಿಂತಿದ್ದರೆ ಅವರು ನಗರದ ಮಧ್ಯಮ ವರ್ಗದ ಮಕ್ಕಳ ಒಳ್ಳೆಯ ಶಿಕ್ಷಕಿ ಎನಿಸಿಕೊಳ್ಳುತ್ತಿದ್ದರು. ಬೆಲೆಬಾಳುವ ಆ ವಿದೇಶಿ ಬೋಧನೋಪಕರಣಗಳು ಬಡವರ ಮಗುವಿಗೆ ಎಟಕುವುದು ಹೇಗೆ ಎಂಬ ಪ್ರಶ್ನೆಯನ್ನು ಹೊತ್ತು 1945ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಬೋರ್ಡಿಗೆ ಹೊರಟರು. ಅನುತಾಯಿ ವಾಘ್ ಅವರು ಜೊತೆಗಾರ್ತಿಯಾಗಿ ಬಂದರು. ಊರಿನಲ್ಲಿ ಬಾಲವಾಡಿ ತೆರೆದದ್ದಾಯಿತು. ಆದರೆ ಕೇರಿಯ, ಹಾಡಿಯ ಮಕ್ಕಳು ಅತ್ತ ಸುಳಿಯಲಿಲ್ಲ. ಇಂಥ ಮಕ್ಕಳಿಗೆ ಕಲಿಕೆಯಲ್ಲಿ ಆಸಕ್ತಿಯಿಲ್ಲವೆಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ತಾರಾಬಾಯಿಯವರು ದೋಷವನ್ನು ಮಗುವಿನಲ್ಲಿ ಕಾಣದೆ ಶಾಲೆಯಲ್ಲಿ ಕಂಡರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗತಕ್ಕದ್ದು. ಶಿಕ್ಷಕಿಯರು ಗುಡಿಸಲುಗಳ ನಡುವಣ ಅಂಗಳಕ್ಕೇ ನಡೆದರು. ಮೊದಲು ಮೈ ತೊಳೆಯುವುದು, ತಲೆ ಬಾಚುವುದು. ಬಳಿಕ ಆಟ, ಹಾಡು, ಕಥೆ. ಬೀಜ, ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆಗಳು ಎಣಿಕೆಯ ಹಾಗೂ ವಿಂಗಡಣೆಯ ಉಪಕರಣಗಳಾದವು. ಅಂಗಣವಾಡಿ ಎಂಬ ಹೆಸರಿನ ಹಿಂದಿರುವುದು ಈ ನಡಿಗೆಯೇ.

1957ರಲ್ಲಿ ಕಾರ್ಯಕ್ಷೇತ್ರ ಸಮೀಪದ ಕೋಸಬಾಡಕ್ಕೆ ಬದಲಾಯಿತು. ಅಲ್ಲಿಯ ವಾರಲಿ ಮಕ್ಕಳ ಪೈಕಿ ದೊಡ್ಡವರು ದನ ಕಾಯಬೇಕು, ಹುಡುಗಿಯರು ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತಿರಬೇಕು. ಆದ್ದರಿಂದ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದೇ ಕಡೆ ಕೂಡಿಸಿದ ವಿಕಾಸವಾಡಿ ರೂಪುಗೊಂಡಿತು. ಅಕ್ಕನ ಕಂಕುಳಿನ ಕೂಸಿಗೂ ಅಲ್ಲಿ ಜಾಗವಿದ್ದುದರಿಂದ ಅಕ್ಕನಿಗೆ ಓದು ಸಾಧ್ಯವಾಯಿತು. ದನಗಾಹಿಗಳಿಗಾಗಿ ಗೋಮಾಳದಲ್ಲೇ ಕುರಣಶಾಳಾ ನಡೆಯಿತು. ಬೇರೆಬೇರೆ ವಯಸ್ಸಿನವರು ಒಟ್ಟಿಗೆ ಕಲಿಯುವುದನ್ನು ಇಂದಿನ ಶಿಕ್ಷಣಶಾಸ್ತ್ರ ಮಿಶ್ರ ವಯೋಮಾನದ ಕಲಿಕೆಯೆನ್ನುತ್ತದೆ. ಕೋಸಬಾಡದಲ್ಲಿ ಅದು ಬಡತನಕ್ಕೆ ಹುಡುಕಿಕೊಂಡ ಉತ್ತರವಾಗಿತ್ತು.

1962ರಲ್ಲಿ ಪದ್ಮಭೂಷಣ ಸಂದಿತು. 1973ರ ಆಗಸ್ಟ್ 31ರಂದು ತಾರಾಬಾಯಿಯವರು ತೀರಿಕೊಂಡರು. ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಘಟಕಗಳಲ್ಲಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಮೊದಲನೆಯದು ತಿರುಮಕೂಡಲು ನರಸೀಪುರ. ಯೋಜನೆಯು ಹೇಳಿದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಪೌಷ್ಟಿಕ ಆಹಾರದ ಲೆಕ್ಕಪತ್ರಗಳ ನಡುವೆ ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿತೆನ್ನಲಾಗದು. ಕೋಸಬಾಡದಲ್ಲಿ ಮಾತ್ರ ಅನುತಾಯಿಯವರು 1992ರಲ್ಲಿ ತಾವು ನಿಧನರಾಗುವವರೆಗೂ ಆ ಕೆಲಸವನ್ನು ಮುಂದುವರಿಸಿದರು.